ಹೆಸರು ಹಾಕಿಸಿದ ಲೋಟ: ಕಾಫಿ ಮಲೆನಾಡಿನ ಮನೆಗುರುತು

ಮದುವೆ, ನಾಮಕರಣ, ಗೃಹಪ್ರವೇಶ, ನಿವೃತ್ತಿಯ ಬೀಳ್ಕೊಡುಗೆ ಮುಂತಾದ ಸಂದರ್ಭಗಳಲ್ಲಿ ಉಡುಗೊರೆಯಾಗಿ ಬರುವ, ಒಂದು ಮನೆಯ ಅಥವಾ ಮನೆತನದ ಹೆಸರನ್ನೋ ಗುರುತನ್ನೋ ಹೊತ್ತ ಕುಡಿಯುವ ಪಾತ್ರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಹಿತ್ತಾಳೆ ಚೊಂಬಿನಿಂದ ಹಿಡಿದು ಹೋಮ್‌ಸ್ಟೇಯ ಪಿಂಗಾಣಿ ಮಗ್ಗಿನವರೆಗೆ ಇದಕ್ಕೆ ಹಲವು ರೂಪಗಳಿವೆ. ಯುರೋಪಿನಲ್ಲಿ ಇಂಥ ಪಾತ್ರೆಯ ಮೇಲೆ ಕೂರುವುದು ವಂಶಲಾಂಛನ. ಮಲೆನಾಡಿನಲ್ಲಿ ಕೂತದ್ದು ಮೊದಲು ಮನೆಯ ಹೆಸರು, ಆಮೇಲೆ ತೋಟದ ಹೆಸರು. ಕೊಟ್ಟದ್ದು ನೆನಪಿರಬೇಕು, ಒಯ್ದದ್ದು ಮರಳಿ ಬರಬೇಕು ಎಂಬ ಲೆಕ್ಕಾಚಾರದಿಂದ ಇಲ್ಲಿ ಪಾತ್ರೆಗೆ ಹೆಸರು ಬಿತ್ತು. ಕುಲದ ಹೆಮ್ಮೆಗೆ ಅದರಲ್ಲಿ ಪಾಲು ಕಡಿಮೆ.

ಲಾಂಛನವೂ ಅಡ್ಡಹೆಸರೂ

ಯುರೋಪಿನ ವಂಶಲಾಂಛನ 12ನೆಯ ಶತಮಾನದಲ್ಲಿ ಯೋಧರ ಗುರಾಣಿಯ ಮೇಲೆ ರೂಪುಗೊಂಡು, ಮುದ್ರೆಯುಂಗುರ, ಸಾರೋಟಿನ ಬಾಗಿಲು, ಊಟದ ತಟ್ಟೆ, ಮದ್ಯದ ಬಟ್ಟಲುಗಳಿಗೆ ಹಬ್ಬಿತು. 18ನೆಯ ಶತಮಾನದ ಇಂಗ್ಲಿಷ್, ಪೋರ್ಚುಗೀಸ್, ಡಚ್ ಸಿರಿವಂತರು ತಮ್ಮ ಲಾಂಛನದ ಚಿತ್ರವನ್ನು ಹಡಗಿನಲ್ಲಿ ಚೀನಕ್ಕೆ ಕಳಿಸಿ ಅಲ್ಲಿನ ಪಿಂಗಾಣಿಯ ಮೇಲೆ ಬರೆಸಿ ತರಿಸಿಕೊಳ್ಳುತ್ತಿದ್ದರು. ಜಪಾನಿನಲ್ಲಿ ಕಾಮೊನ್ ಎಂಬ ಮನೆತನದ ಗುರುತುಗಳು ಉಡುಪಿನ ಮೇಲೂ ಬಟ್ಟಲುಗಳ ಮೇಲೂ ಕಾಣುತ್ತವೆ. ಅಲ್ಲಿ ಅವು ಸರದಾರರಿಗಷ್ಟೇ ಮೀಸಲಾಗಿ ಉಳಿಯದೆ ವ್ಯಾಪಾರಿಗಳ, ಸಾಮಾನ್ಯರ ಮನೆಗೂ ಇಳಿದವು.

ಇಂಗ್ಲೆಂಡಿನಲ್ಲಿ ಲಾಂಛನ ದಯಪಾಲಿಸುವ ಅಧಿಕಾರ 1484ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಆರ್ಮ್ಸ್‌ನದು. ಅದರ ನಿಯಮದಲ್ಲಿ ಲಾಂಛನ ಒಬ್ಬ ವ್ಯಕ್ತಿಗೂ ಅವನ ನೇರ ಸಂತತಿಗೂ ಸೇರಿದ್ದು, ಅಡ್ಡಹೆಸರಿಗಲ್ಲ. ಸ್ಮಿತ್ ಎಂಬ ಹೆಸರಿನವರೆಲ್ಲರಿಗೂ ಸಲ್ಲುವ ಲಾಂಛನ ಎಂಬುದೊಂದು ಇಲ್ಲವೇ ಇಲ್ಲ. ಆದರೂ ‘ನಿಮ್ಮ ಅಡ್ಡಹೆಸರಿನ ಲಾಂಛನ’ ಎಂದು ಮಗ್ಗು, ಬಿಯರ್ ಗ್ಲಾಸು ಮಾರುವ ವ್ಯಾಪಾರ ಲೋಕದಾದ್ಯಂತ ಚೆನ್ನಾಗಿ ನಡೆದಿದೆ. ಹೆಸರು ಟೈಪು ಮಾಡಿದರೆ ಸಾಕು, ಸಿಂಹವೋ ಹದ್ದೋ ಇರುವ ಗುರಾಣಿಯೊಂದು ತಯಾರು.

ಈ ವ್ಯಾಪಾರ ಘಟ್ಟ ಹತ್ತಿದರೆ ಮೊದಲ ತಿರುವಿನಲ್ಲೇ ಎಡವುತ್ತದೆ. ಗೌಡ, ಪಟೇಲ, ಶಾನುಭೋಗ, ಹೆಗ್ಗಡೆ ಇವೆಲ್ಲ ಮೂಲತಃ ಊರಿನ ಅಧಿಕಾರದ ಹೆಸರುಗಳು. ಕಂದಾಯ ಎತ್ತುವವನು, ಲೆಕ್ಕ ಬರೆಯುವವನು, ನ್ಯಾಯ ಹೇಳುವವನು ಯಾವ ಊರಿನಲ್ಲಿದ್ದರೂ ಅದೇ ಹೆಸರು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಕೊನೆಗಾಣಿಸಿತು. ಹುದ್ದೆ ಹೋಯಿತು, ಹೆಸರಿನ ಬಾಲ ಉಳಿಯಿತು. ಕಳಸದ ಕಡೆ ಕೇಳಿಬರುವ ಭಟ್ಟ, ಜೋಯಿಸ, ಜೈನರ ಇಂದ್ರ ಇವೂ ಕಸುಬಿನ ಹೆಸರುಗಳೇ. ‘ಗೌಡ ಮನೆತನದ ಲಾಂಛನ’ ಎಂದು ಒಂದು ಮಗ್ಗು ಅಚ್ಚು ಹಾಕಿದರೆ ಅದು ಒಬ್ಬರಿಗೊಬ್ಬರು ನೆಂಟರೇ ಅಲ್ಲದ ಸಾವಿರಾರು ಮನೆಗಳಿಗೆ ಒಂದೇ ಬೀಗದ ಕೈ ಹಂಚಿದಂತೆ.

ಮಲೆನಾಡಿನಲ್ಲಿ ನಿಜವಾಗಿ ಗುರುತು ಹೇಳುವುದು ಮನೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಊರಾಗಿಲ್ಲ. ಗದ್ದೆಬಯಲಿನ ಅಂಚಿಗೊಂದು, ತೋಟದ ನಡುವೆ ಒಂದು, ಗುಡ್ಡದ ಮಗ್ಗುಲಿಗೊಂದು. ಹಾಗಾಗಿ ಪ್ರತಿ ಮನೆಗೂ ಹೆಸರು ಬೇಕು: ದೊಡ್ಡಮನೆ, ಹಳೇಮನೆ, ಹೊಸಮನೆ, ಮೇಲಿನಮನೆ, ಕೆಳಗಿನಮನೆ. ‘ಯಾರ ಪೈಕಿ?’ ಎಂದು ಕೇಳಿದವರಿಗೆ ಅಡ್ಡಹೆಸರು ಹೇಳಿದರೆ ಉತ್ತರವಾಗುವುದಿಲ್ಲ, ಮನೆಯ ಹೆಸರು ಹೇಳಬೇಕು. ಇನಿಷಿಯಲ್ಲಿನ ಮೊದಲ ಅಕ್ಷರ ಬಹುಪಾಲು ಊರಿನದೋ ಮನೆಯದೋ, ಎರಡನೆಯದು ತಂದೆಯದು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದ ಪೂರ್ಣಚಂದ್ರ ತೇಜಸ್ವಿ (1938–2007) ತಾವಿದ್ದ ತೋಟಗಳಿಗೆ ಚಿತ್ರಕೂಟ, ನಿರುತ್ತರ ಎಂದು ಹೆಸರಿಟ್ಟರು. ಎರಡನೆಯದು ಮನೆ ಎಲ್ಲಿ ಎಂದು ಕೇಳಿದವರಿಗೆ ಕೊಟ್ಟ ತುಂಟ ಉತ್ತರದಂತಿದೆ.

ಮನೆತನದ ಚಿತ್ರಲಾಂಛನಕ್ಕೆ ಈ ನೆಲದಲ್ಲಿ ತೀರ ಹತ್ತಿರ ಬರುವುದು ಬೆಡಗು ಅಥವಾ ಬಳಿ. ಮರ, ಬಳ್ಳಿ, ಪ್ರಾಣಿ, ಹಕ್ಕಿಗಳ ಹೆಸರು ಹೊತ್ತ ಈ ಒಳಕುಲಗಳನ್ನು ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಸೀಮೆಯ ಜಾತಿಗಳ ಸಂಪುಟಗಳು (1928–1935) ವಿವರವಾಗಿ ದಾಖಲಿಸಿವೆ. ಒಂದೇ ಬೆಡಗಿನವರು ತಮ್ಮೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ; ತಮ್ಮ ಬೆಡಗಿನ ಮರವನ್ನು ಕಡಿಯದ, ಪ್ರಾಣಿಯನ್ನು ಕೊಲ್ಲದ ನಿಷೇಧವೂ ಹಲವರಲ್ಲಿತ್ತು. ಆದರೆ ಬೆಡಗನ್ನು ಪಾತ್ರೆಯ ಮೇಲೆ ಚಿತ್ರವಾಗಿ ಬರೆಸುವ ವಾಡಿಕೆ ಬೆಳೆಯಲಿಲ್ಲ. ಅದು ಸಂಬಂಧ ಕುದುರಿಸುವಾಗ ಬಾಯಲ್ಲಿ ಕೇಳಿ ತಿಳಿಯುವ ಸಂಗತಿಯಾಗಿಯೇ ಉಳಿಯಿತು.

ಚಿತ್ರವಿದ್ದದ್ದು ಅರಸರಲ್ಲಿ. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಸಳನು ಹುಲಿಯೊಡನೆ ಸೆಣಸಿದ ಐತಿಹ್ಯವನ್ನು ಅಲ್ಲಿನ ವಸಂತಮ್ಮನ ಗುಡಿಯೊಂದಿಗೆ ಜೋಡಿಸುತ್ತಾರೆ. ಆ ದೃಶ್ಯವೇ ಬೇಲೂರಿನಿಂದ ಮುಂದಕ್ಕೆ ಅವರ ರಾಜಲಾಂಛನವಾಯಿತು. ಹುಂಚದ ಸಾಂತರರು ಶಾಸನಗಳಲ್ಲಿ ವಾನರಧ್ವಜರು. ಆ ಪರಂಪರೆಯ ಕಳಸ-ಕಾರ್ಕಳದ ಭೈರರಸರಲ್ಲಿ ವೀರಪಾಂಡ್ಯ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಕಾಣುವ ಗಂಡಭೇರುಂಡ ಮೈಸೂರು ಒಡೆಯರ ಲಾಂಛನವಾಗಿ, ಈಗ ರಾಜ್ಯ ಸರ್ಕಾರದ ಚಿಹ್ನೆಯಲ್ಲಿದೆ. ಇಷ್ಟೆಲ್ಲ ಇದ್ದರೂ ರೈತಾಪಿ ಮನೆಯ ಲೋಟದ ಮೇಲೆ ಹುಲಿಯಾಗಲಿ ಭೇರುಂಡವಾಗಲಿ ಹತ್ತಲಿಲ್ಲ. ಅವು ಅರಮನೆಯವು.

ಪಾತ್ರೆಗೆ ಹೆಸರು

ಕರ್ನಾಟಕದ ಯಾವುದೇ ಪೇಟೆಯ ಪಾತ್ರೆ ಅಂಗಡಿಯಲ್ಲಿ ದುಡ್ಡು ಎಣಿಸಿದ ಮೇಲೆ ಬರುವ ಪ್ರಶ್ನೆ ‘ಹೆಸರು ಹಾಕಬೇಕಾ?’ ಎಂಬುದು. ಹಿಂದೆ ಅಂಗಡಿಯ ಮೂಲೆಯಲ್ಲಿ ಒಬ್ಬ ಚಿಕ್ಕ ಚಾಣ, ಸುತ್ತಿಗೆ ಹಿಡಿದು ಕೂತಿರುತ್ತಿದ್ದ. ಲೋಟವನ್ನು ಮೊಣಕಾಲಿಗೆ ಒತ್ತಿಕೊಂಡು ಚುಕ್ಕೆಚುಕ್ಕೆಯಾಗಿ ಹೊಡೆದು ಅಕ್ಷರ ಮೂಡಿಸುತ್ತಿದ್ದ. ಹಳೆಯ ಹಿತ್ತಾಳೆ, ಕಂಚು, ತಾಮ್ರದ ಪಾತ್ರೆಗಳ ಹೆಸರುಗಳು ಈ ಚುಕ್ಕೆಗಳ ಸಾಲಿನಲ್ಲಿವೆ. ಆಮೇಲೆ ಕರೆಂಟಿನ ಕೊರೆಯುವ ಪೆನ್ನು ಬಂತು. ಗುಂಯ್‌ಗುಡುತ್ತ ಸಾಗುವ ಅದರ ಮೊನೆ ನಡುಗುವ ಗೆರೆಯಲ್ಲಿ ಬರೆಯುತ್ತದೆ. ಪಾತ್ರೆಯ ಪ್ರಾಯವನ್ನು ಲೋಹ ನೋಡದೆ, ಅಕ್ಷರ ಚುಕ್ಕೆಯದೋ ಗೆರೆಯದೋ ಎಂದು ನೋಡಿಯೇ ಸುಮಾರಾಗಿ ಹೇಳಬಹುದು.

ಹೆಸರು ಲೋಟದಲ್ಲಾದರೆ ಅಂಚಿನ ಕೆಳಗೆ, ಚೊಂಬಿನಲ್ಲಿ ಕತ್ತಿನ ಇಳಿಜಾರಿನಲ್ಲಿ, ಹಂಡೆ ಕೊಪ್ಪರಿಗೆಗಳಲ್ಲಿ ಕಂಠದ ಸುತ್ತ. ಒಕ್ಕಣೆ ಚುಟುಕು: ಮನೆಯ ಹೆಸರಿನ ಮೊದಲಕ್ಷರ, ಹಿರಿಯರ ಹೆಸರು, ‘ರವರಿಂದ’ ಅಥವಾ ‘ರವರಿಗೆ’, ಕೆಲವೊಮ್ಮೆ ‘ತಾ.’ ಎಂದು ಶುರುವಾಗುವ ತಾರೀಖು. ಅಕ್ಷರಕ್ಕಿಷ್ಟು ಎಂದು ದರ ಕಟ್ಟುವ ಕಡೆ ಹೆಸರುಗಳು ತಾವಾಗಿ ಕುಗ್ಗುತ್ತವೆ. ದೀರ್ಘ ಹಾರಿಹೋಗುವುದು, ಒತ್ತಕ್ಷರ ಅಲ್ಲೆಲ್ಲೋ ಜೋತುಬೀಳುವುದು ಸಾಮಾನ್ಯ. ಕೊರೆಯುವವನಿಗೆ ಕಾಗುಣಿತಕ್ಕಿಂತ ಲೋಹದ ಬಾಗು ಮುಖ್ಯ.

ಇಲ್ಲಿ ಗಮನಿಸಬೇಕಾದದ್ದು ‘ರವರಿಂದ’. ಸ್ವಂತಕ್ಕೆ ಕೊಂಡ ಪಾತ್ರೆಗೆ ಸ್ವಂತ ಹೆಸರು ಹಾಕಿಸುತ್ತಾರೆ, ಸರಿ. ಮುಯ್ಯಿಯಾಗಿ ಕೊಟ್ಟ ಪಾತ್ರೆಗೆ ಬೀಳುವುದು ಹೆಚ್ಚಾಗಿ ಕೊಟ್ಟವರ ಹೆಸರು. ಆದ್ದರಿಂದ ಒಂದು ಹಳೆಯ ಮನೆಯ ಅಟ್ಟದಿಂದ ಪಾತ್ರೆ ಇಳಿಸಿದರೆ ಆ ಮನೆಯ ಹೆಸರಿಗಿಂತ ಬೇರೆ ಮನೆಗಳ ಹೆಸರೇ ಹೆಚ್ಚು ಸಿಗುತ್ತವೆ. ಯುರೋಪಿನ ಲಾಂಛನದ ಬಟ್ಟಲು ಬಂದವರಿಗೆ ‘ನಾವು ಇಂಥವರು’ ಎನ್ನುತ್ತದೆ. ಮಲೆನಾಡಿನ ಲೋಟ ‘ನಮಗೆ ಇಂಥವರು ಬೇಕಾದವರು’ ಎನ್ನುತ್ತದೆ. ಮದುವೆಯಲ್ಲಿ ಮುಯ್ಯಿ ಓದಿಸುವ ವಾಡಿಕೆಗೆ, ಅಂದರೆ ಯಾರು ಏನು ಕೊಟ್ಟರೆಂದು ಎಲ್ಲರ ಮುಂದೆ ಕೂಗಿ ಹೇಳಿ ಪುಸ್ತಕಕ್ಕೆ ಬರೆಯುವುದಕ್ಕೆ, ಇದು ಲೋಹದ ಪ್ರತಿ. ಅವರ ಮನೆಯಲ್ಲಿ ಕಾರ್ಯವಾದಾಗ ಅದಕ್ಕೆ ಸಮನಾದದ್ದನ್ನು ಹಿಂದಿರುಗಿಸಬೇಕು. ಪುಸ್ತಕ ಗೆದ್ದಲಿಗೆ ಹೋದರೂ ಲೋಟ ಹೋಗುವುದಿಲ್ಲ.

ಎರಡನೆಯ ಕಾರಣ ಎರವಲು. ಕಲ್ಯಾಣಮಂಟಪಗಳು ಬರುವ ಮುಂಚೆ ಮದುವೆ ನಡೆಯುತ್ತಿದ್ದದ್ದು ಮನೆಯಂಗಳದ ಚಪ್ಪರದಲ್ಲಿ. ನೂರಾರು ಜನಕ್ಕೆ ಬೇಕಾದ ಹಂಡೆ, ಕೊಪ್ಪರಿಗೆ, ಲೋಟಗಳು ಸುತ್ತಲ ಮನೆಗಳಿಂದ ಬರುತ್ತಿದ್ದವು. ಊಟ ಮುಗಿದು, ಬೂದಿಯಲ್ಲಿ ತಿಕ್ಕಿ, ಹೆಸರು ಓದಿ ವಿಂಗಡಿಸಿ ಆಯಾ ಮನೆಗೆ ಮುಟ್ಟಿಸಬೇಕು. ಓದು ಬಾರದವರೂ ಚುಕ್ಕೆಯ ಆಕಾರ ನೋಡಿ ‘ಇದು ಹೊಸಮನೆಯದು’ ಎನ್ನುವಷ್ಟು ಪಳಗಿರುತ್ತಿದ್ದರು. ಪಾತ್ರೆ ಬಾಡಿಗೆಗೆ ಕೊಡುವ ಶಾಮಿಯಾನದವರು ಬಂದ ಮೇಲೆ ಈ ಕೆಲಸ ಅವರ ಎಣ್ಣೆಬಣ್ಣದ ಇನಿಷಿಯಲ್ಲಿಗೆ ಹೋಯಿತು. ಮನೆಯ ಪಾತ್ರೆಯ ಮೇಲಿನ ಹೆಸರು ಬರಿಯ ನೆನಪಾಯಿತು.

ತವರಿನಿಂದ ಬಂದ ಪಾತ್ರೆಗಳದ್ದು ಬೇರೆಯೇ ಕತೆ. ಮದುಮಗಳ ಜೊತೆ ಬರುವ ಚೊಂಬು, ಲೋಟ, ತಟ್ಟೆಗಳ ಮೇಲೆ ಅವಳ ಹೆಸರು, ತವರಿನ ಇನಿಷಿಯಲ್ಲು. ಜಮೀನಿನ ಪಹಣಿಯಲ್ಲಾಗಲಿ ತೋಟದ ಖಾತೆಯಲ್ಲಾಗಲಿ ಹೆಂಗಸರ ಹೆಸರು ಅಪರೂಪವಾಗಿದ್ದ ಕಾಲದಲ್ಲಿ, ಮನೆಯೊಳಗೆ ಅವರ ಹೆಸರಿನಲ್ಲಿ ದಾಖಲಾದ ಸ್ವತ್ತು ಇದೊಂದೇ ಆಗಿರುತ್ತಿತ್ತು. ಪಾಲಾಗುವಾಗ ಈ ಪಾತ್ರೆಗಳಿಗೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಮಗುವಿನ ನಾಮಕರಣಕ್ಕೋ ಅನ್ನಪ್ರಾಶನಕ್ಕೋ ಅಜ್ಜಿಮನೆಯಿಂದ ಬರುವ ಬೆಳ್ಳಿ ಲೋಟ, ಚಮಚಗಳೂ ಇದೇ ಸಾಲಿನವು. ಆದರೆ ಅವುಗಳಿಗೆ ಹೆಸರು ಹಾಕುವವನು ಪಾತ್ರೆ ಅಂಗಡಿಯವನಲ್ಲ, ಅಕ್ಕಸಾಲಿ. ಅಕ್ಷರವೂ ದುಂಡಗೆ, ಕೆಲವೊಮ್ಮೆ ಬಳ್ಳಿಯ ಚಿತ್ತಾರದೊಂದಿಗೆ.

ಸ್ಟೀಲು ಬಂದು ಇದನ್ನೆಲ್ಲ ಅಲ್ಲಾಡಿಸಿತು. ಕಲಾಯಿ ಬೇಡ, ಹುಣಸೆಹಣ್ಣು ಬೇಡ, ಹಗುರ. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಸ್ಟೀಲು ತಂದ ಮನೆಗಳೇ ಹೆಚ್ಚು. ತೂಕದ ತಕ್ಕಡಿಗೆ ಹೆಸರಿನ ಹಂಗಿಲ್ಲ. ಹಾಗೆ ಎಷ್ಟೋ ಮನೆಗಳ ಎರಡು ಮೂರು ತಲೆಮಾರಿನ ನೆಂಟಸ್ತಿಕೆಯ ದಾಖಲೆ ಕುಲುಮೆ ಸೇರಿತು. ಶಾಸನ, ಕಡತಗಳನ್ನು ಜೋಪಾನ ಮಾಡಿದಷ್ಟು ಆಸ್ಥೆಯಿಂದ ಪಾತ್ರೆಗಳ ಬರಹವನ್ನು ಪ್ರತಿ ಮಾಡಿಕೊಳ್ಳುವ ಕೆಲಸ ನಡೆಯಬೇಕಿತ್ತು.

ಬೇರೆ ಲೋಟ

ಲೋಟದ ಗುರುತು ಮನುಷ್ಯರನ್ನು ಬೆಸೆದಂತೆ ಬೇರ್ಪಡಿಸಿದ್ದೂ ಉಂಟು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಪದ್ಧತಿಯ ಹಿಂದೆ ಎಂಜಲಿನ ಕಲ್ಪನೆಯಿತ್ತು, ಎಂಜಲಿನ ಹಿಂದೆ ಜಾತಿಯಿತ್ತು. ತೋಟದ ಲೈನುಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಕೆಲಸಕ್ಕೆ ಬಂದ ಆಳುಗಳಿಗೆ ಬೆಲ್ಲದ ಕಾಫಿಯನ್ನು ಕರಟಕ್ಕೋ ಜಗಲಿಯ ಮಾಡಿನಲ್ಲಿ ಬೇರೆಯಾಗಿ ಇಟ್ಟ ಲೋಟಕ್ಕೋ ಸುರಿಯುತ್ತಿದ್ದ ಕಾಲ ದೂರದ್ದಲ್ಲ. ಹೋಟೆಲುಗಳಲ್ಲೂ ಎರಡು ಬಗೆಯ ಲೋಟಗಳಿದ್ದವು. ಸಂವಿಧಾನದ 17ನೆಯ ವಿಧಿ ಮತ್ತು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಅಪರಾಧ. ಹೆಸರಿನ ಲೋಟಗಳ ಚೆಂದದ ಚರಿತ್ರೆ ಬರೆಯುವವರು ಈ ಹೆಸರಿಲ್ಲದ ಲೋಟವನ್ನೂ ಅದೇ ಕಪಾಟಿನಲ್ಲಿ ಇಡಬೇಕಾಗುತ್ತದೆ.

ದೊರೆಗಳ ಕಪ್ಪು

ಬಾಬಾಬುಡನ್ 17ನೆಯ ಶತಮಾನದಲ್ಲಿ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ನಂಬಿಕೆ. ವ್ಯಾಪಾರದ ತೋಟಗಳು ಶುರುವಾದದ್ದು 19ನೆಯ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳ ಕೈಯಲ್ಲಿ. ಬಾಬಾಬುಡನ್‌ಗಿರಿಯ ತೆಂಕಣ ಬೆಟ್ಟಗಳಲ್ಲಿ 1830ರ ದಶಕದ ಕ್ಯಾನನ್, ನೆರೆಯ ಮಂಜ್ರಾಬಾದಿನಲ್ಲಿ 1850ರ ದಶಕದ ರಾಬರ್ಟ್ ಎಲಿಯಟ್ ಅವರಲ್ಲಿ ಹೆಸರಾದವರು. ಇವರೊಂದಿಗೆ ಹಿಡಿಯಿರುವ ಲೋಹದ ಮಗ್ಗು, ಪಂದ್ಯದ ಬೆಳ್ಳಿ ಕಪ್ಪು, ಊರಿಗೆ ಮರಳುವವರಿಗೆ ಹೆಸರು ಕೊರೆಸಿ ಕೊಡುವ ಬೀಳ್ಕೊಡುಗೆಯ ಪದ್ಧತಿ ಬಂದವು. ಜಿಲ್ಲೆಗೆ 1947ರವರೆಗೆ ಇದ್ದ ಕಡೂರು ಎಂಬ ಹೆಸರನ್ನು ಚಿಕ್ಕಮಗಳೂರಿನ ಕಡೂರ್ ಕ್ಲಬ್ಬು ಇಂದಿಗೂ ಉಳಿಸಿಕೊಂಡಿದೆ. ಮನೆತನದ ಹೆಸರಿನಲ್ಲಿ ಕಪ್ಪು ಇಡುವುದು, ಗೆದ್ದವರ ಹೆಸರನ್ನು ವರ್ಷವರ್ಷವೂ ಅದರ ಪೀಠಕ್ಕೆ ಸೇರಿಸುವುದು ಹೀಗೆ ಬಂದು ದೇಶೀ ತೋಟಗಾರರಿಗೂ ರೂಢಿಯಾಯಿತು. ಬಿಳಿಯರ ಅಡ್ಡಹೆಸರು ಈ ಸೀಮೆಯಲ್ಲಿ ಹೆಚ್ಚು ಬಾಳಿದ್ದು ಬೆಳ್ಳಿಯಲ್ಲಲ್ಲ, ಗಿಡದಲ್ಲಿ: ದೊಡ್ಡೆನ್‌ಗುಡ್ಡ ತೋಟದಲ್ಲಿ 1911ರ ಸುಮಾರಿಗೆ ಆರಿಸಿ ತೆಗೆದ ಅರೇಬಿಕಾ ತಳಿ ಇಂದಿಗೂ ಪ್ಲಾಂಟರನ ಹೆಸರಿನಿಂದ ಕೆಂಟ್ಸ್.

ಅಡ್ಡಹೆಸರೂ ಕಪ್ಪೂ ನಿಜವಾಗಿ ಒಂದಾದದ್ದನ್ನು ನೋಡಲು ಪಕ್ಕದ ಕೊಡಗಿಗೆ ಹೋಗಬೇಕು. ಕೊಡವರಲ್ಲಿ ಮನೆಪೆದ, ಅಂದರೆ ಮನೆತನದ ಹೆಸರು, ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ, ಒಕ್ಕಕ್ಕೊಂದು, ಅಂದರೆ ಕುಲಕ್ಕೊಂದು, ಮೂಲಮನೆಯಾದ ಐನ್‌ಮನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ 60 ಕುಟುಂಬ ತಂಡಗಳನ್ನು ಸೇರಿಸಿ ಆರಂಭಿಸಿದ ಹಾಕಿ ಉತ್ಸವವನ್ನು ವರ್ಷಕ್ಕೊಂದು ಕುಟುಂಬ ತನ್ನ ಹೆಸರಿನಲ್ಲಿ, ತನ್ನದೇ ಲಾಂಛನ ಬರೆಸಿ ನಡೆಸುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಪಂದ್ಯಾವಳಿಯಲ್ಲಿ 360 ತಂಡಗಳಿದ್ದು ಗಿನ್ನೆಸ್ ದಾಖಲೆಯಾಯಿತು. ಚಿಕ್ಕಮಗಳೂರಿನ ಕಡೆ ಇಂಥದ್ದು ಹುಟ್ಟದಿರಲು ಕಾರಣ ಕ್ರೀಡೆಯ ಕೊರತೆಯಲ್ಲ. ಹಂಚಿಕೊಳ್ಳಬಹುದಾದ ಒಂದೇ ಮನೆಪೆದ ಇಲ್ಲಿನ ಬಹುಪಾಲು ಜನರಿಗೆ ಇಲ್ಲ.

ತೋಟದ ಮಾರ್ಕು

ಕಾಫಿ ಸೀಮೆಯ ಸ್ವಂತ ಲಾಂಛನವಿದ್ದದ್ದು ಗೋಣಿಚೀಲದ ಮೇಲೆ. ತಗಡಿನಲ್ಲಿ ಅಕ್ಷರ ಕತ್ತರಿಸಿ, ಚೀಲದ ಮೇಲಿಟ್ಟು, ಕರಿಮಸಿ ಉಜ್ಜಿ ತೋಟದ ಇನಿಷಿಯಲ್ಲು ಒತ್ತುತ್ತಿದ್ದರು. ಕ್ಯೂರಿಂಗ್ ಕಾರ್ಖಾನೆಯಲ್ಲಿ ಯಾರ ಪಾರ್ಚ್‌ಮೆಂಟು, ಯಾರ ಚೆರ್ರಿ (ಮೊದಲನೆಯದು ತಿರುಳು ತೆಗೆದು ಒಣಗಿಸಿದ್ದು, ಎರಡನೆಯದು ಹಣ್ಣನ್ನೇ ಒಣಗಿಸಿದ್ದು) ಎಂದು ತಿಳಿಯುತ್ತಿದ್ದದ್ದು ಇದರಿಂದ. ಘಟ್ಟ ಇಳಿದು ಮಂಗಳೂರು ಸೇರಿ, ಅಲ್ಲಿಂದ ಲಂಡನ್ನಿನ ಹರಾಜಿಗೆ ಹೋದ 19ನೆಯ ಶತಮಾನದ ಕಾಫಿಗೆ ತೋಟದ ಮಾರ್ಕಿನ ಮೇಲೆ ಬೆಲೆ ನಿಲ್ಲುತ್ತಿತ್ತು.

ಈ ಗುರುತನ್ನು ಅರ್ಧ ಶತಮಾನ ಅಳಿಸಿಹಾಕಿದ್ದು ಪೂಲ್ ಪದ್ಧತಿ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು ತಂದ 1942ರ ಕಾಫಿ ಕಾಯಿದೆಯಂತೆ ಎಲ್ಲರೂ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಯಿತು. ದರ್ಜೆಗೆ ಇಷ್ಟು ಪಾಯಿಂಟು, ಪಾಯಿಂಟಿಗೆ ಇಷ್ಟು ದುಡ್ಡು, ಅದೂ ಕಂತಿನಲ್ಲಿ. ಒಮ್ಮೆ ಪೂಲಿಗೆ ಬಿದ್ದ ಕಾಫಿಗೆ ಅಪ್ಪನ ಹೆಸರಿಲ್ಲ. ಎಷ್ಟು ಮುತುವರ್ಜಿಯಿಂದ ಹಣ್ಣು ಬಿಡಿಸಿ ಒಣಗಿಸಿದವನದಾದರೂ ಅದು ಪಕ್ಕದವನ ಕಾಫಿಯೊಡನೆ ಬೆರೆತು ಮಾರಾಟವಾಗುತ್ತಿತ್ತು. ತಲೆತಲಾಂತರದಿಂದ ಕಾಫಿ ಬೆಳೆದ ಮನೆಗಳಲ್ಲಿ ತಮ್ಮ ತೋಟದ ಹೆಸರಿನ ಒಂದು ಪೊಟ್ಟಣ ಪುಡಿಯೂ ಇರದಿದ್ದದ್ದು ಇದರಿಂದ.

1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ತಿ ಬಿಚ್ಚಿಕೊಂಡಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ತೋಟಗಾರರ ಮನೆತನದ ವಿ. ಜಿ. ಸಿದ್ಧಾರ್ಥ ಅವರ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ಲೋಟದ ಊರಿಗೆ ಹಿಡಿಯ ಕಪ್ಪು ನಗರದ ದಾರಿಯಾಗಿ ವಾಪಸು ಬಂತು. ಸ್ವಂತವಾಗಿ ಮಾರುವ ಹಕ್ಕು ಸಿಕ್ಕ ತೋಟಗಳು ಒಂದೊಂದಾಗಿ ತಮ್ಮ ಹೆಸರಿನ ಕಾಫಿಪುಡಿ ತಂದವು. ಹೋಮ್‌ಸ್ಟೇಗಳು ಹೆಚ್ಚಿದವು. ಅತಿಥಿಗೆ ಕೊಡುವ ಕಾಫಿ, ಒಯ್ಯುವ ಪೊಟ್ಟಣ, ನೆನಪಿಗೆ ಕೊಳ್ಳುವ ಮಗ್ಗು ಮೂರರ ಮೇಲೂ ಒಂದೇ ಗುರುತು ಬೇಕಾಯಿತು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತದ್ದು ಸೀಮೆಯ ಹೆಸರಿಗೂ ಕಾನೂನಿನ ಆಸರೆ ಕೊಟ್ಟಿತು. ಮನೆತನದ ಗುರುತುಳ್ಳ ಮಗ್ಗನ್ನು ಹೊಸ ಶೋಕಿ ಎಂದು ತಳ್ಳಿಹಾಕುವವರು ಈ ಹಿನ್ನೆಲೆಯನ್ನು ಮರೆಯುತ್ತಾರೆ. ಚೀಲದಿಂದ ಅಳಿಸಿಹೋಗಿದ್ದ ಹೆಸರು ಕಪ್ಪಿನ ಮೇಲೆ ಮತ್ತೆ ಮೂಡಿದೆ, ಅಷ್ಟೆ.

ಇಂದಿನ ಮಗ್ಗು

ಈಗಿನ ಉಡುಗೊರೆ ಮಗ್ಗುಗಳಲ್ಲಿ ಹೆಚ್ಚಿನವು ಸಬ್ಲಿಮೇಶನ್ ಮುದ್ರಣದವು. ವಿಶೇಷ ಲೇಪವಿರುವ ಬಿಳಿ ಮಗ್ಗಿಗೆ ಚಿತ್ರ ಮುದ್ರಿಸಿದ ಕಾಗದ ಸುತ್ತಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವು ನಿಮಿಷ ಒತ್ತಿದರೆ, ಶಾಯಿ ಆವಿಯಾಗಿ ಲೇಪದೊಳಕ್ಕೆ ಇಳಿಯುತ್ತದೆ. ಫೋಟೊ ಅಂಗಡಿಯಲ್ಲಿ ನಿಂತ ನಿಲುವಿನಲ್ಲೇ ಆಗುವ ಕೆಲಸ. ಒಂದೇ ಮಗ್ಗಾದರೂ ಮಾಡಿಕೊಡುತ್ತಾರೆಂಬುದು ಇದರ ಅನುಕೂಲ; ಒರಟು ನಾರಿನಿಂದ ತಿಕ್ಕಿದರೆ ಚಿತ್ರ ಮಂಕಾಗುವುದು ಅನನುಕೂಲ. ಮೆರುಗಿನ ಮೇಲೆ ಡೆಕಾಲ್ ಅಂಟಿಸಿ ಮತ್ತೆ ಗೂಡಿನಲ್ಲಿ ಸುಟ್ಟ ಪಿಂಗಾಣಿ ಹೆಚ್ಚು ಬಾಳುತ್ತದೆ, ಆದರೆ ಅದನ್ನು ಉತ್ತರ ಪ್ರದೇಶದ ಖುರ್ಜಾದಂಥ ಊರುಗಳಿಂದ ಸಗಟಾಗಿ ತರಿಸಬೇಕು. ಸ್ಟೀಲಿನ ಲೋಟ, ಫ್ಲಾಸ್ಕುಗಳಿಗೆ ಲೇಸರ್ ಬಂದಿದೆ. ಕೊರೆಯುವ ಪೆನ್ನಿನ ನಡುಕ ಅದರಲ್ಲಿಲ್ಲ.

ಚಿತ್ರಗಳಲ್ಲಿ ಕಾಫಿಹಣ್ಣಿನ ಗೊಂಚಲು, ಮುಳ್ಳಯ್ಯನಗಿರಿ ಅಥವಾ ಕುದುರೆಮುಖದ ರೇಖೆ, ಮಂಗಟ್ಟೆ ಹಕ್ಕಿ, ಕಾಟಿ, ಆನೆ, ಹಂಚಿನ ಮಾಡಿನ ಹಳೇಮನೆ ಹೆಚ್ಚು. ತೋಟ ಶುರುವಾದ ಇಸವಿಯನ್ನು ಕೆಳಗೆ ಬರೆಸುವುದೂ ಉಂಟು. ಗುರಾಣಿಯೊಳಗೆ ಎರಡು ಸಿಂಹ ನಿಲ್ಲಿಸಿದ ಸಿದ್ಧ ಮಾದರಿಗಳೂ ಬಿಕರಿಯಾಗುತ್ತವೆ. ಸಿಂಹವೇ ಇಲ್ಲದ ಕಾಡಿನಲ್ಲಿ ಅವು ಯಾರನ್ನು ಕಾಯುತ್ತವೆಯೋ ಕಾಣೆ. ಕನ್ನಡದಲ್ಲಿ ಹೆಸರು ಹಾಕಿಸುವವರು ಅಚ್ಚಿಗೆ ಹೋಗುವ ಮುನ್ನ ಪರದೆಯ ಮೇಲೆ ಓದಿ ನೋಡುವುದು ಒಳ್ಳೆಯದು. ಯೂನಿಕೋಡ್‌ನಲ್ಲಿ ಕಳಿಸಿದ್ದನ್ನು ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಿಗೆ ತಿರುಗಿಸುವಾಗ ಒತ್ತಕ್ಷರ ಕಳಚಿ ಬೀಳುವುದುಂಟು. ಚಾಣದವನ ಕಾಗುಣಿತದ ತೊಂದರೆ ಕಂಪ್ಯೂಟರಿಗೂ ಅಂಟಿದೆ.

ಗಂಡಭೇರುಂಡವಿರುವ ರಾಜ್ಯ ಚಿಹ್ನೆಯನ್ನಾಗಲಿ ಅಶೋಕ ಸಿಂಹಗಳನ್ನಾಗಲಿ ಮಾರಾಟದ ಮಗ್ಗಿನ ಮೇಲೆ ಹಾಕುವಂತಿಲ್ಲ. 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆ, 2005ರ ರಾಷ್ಟ್ರಲಾಂಛನ ಕಾಯಿದೆಗಳು ಇದನ್ನು ತಡೆಯುತ್ತವೆ. ಸ್ವಂತ ಗುರುತನ್ನು ಕಾಪಾಡಿಕೊಳ್ಳಲು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಡಿ ನೋಂದಾಯಿಸಬಹುದು. ಕಾಫಿಪುಡಿ 30ನೆಯ ವರ್ಗದಲ್ಲಿ, ಕಪ್ಪು ಲೋಟಗಳು 21ನೆಯ ವರ್ಗದಲ್ಲಿ ಬರುವುದರಿಂದ ಎರಡೂ ವರ್ಗಗಳಲ್ಲಿ ನೋಂದಣಿ ಕೋರಬೇಕು. ಆದರೆ ಅದೇ ಕಾಯಿದೆಯ 35ನೆಯ ಕಲಮು, ಯಾರೇ ಆಗಲಿ ತಮ್ಮ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವುದನ್ನು ತಡೆಯಲಾಗದು ಎನ್ನುತ್ತದೆ. ತೋಟದ ಹೆಸರಿಗೆ, ಚಿತ್ರಕ್ಕೆ ಬೇಲಿ ಹಾಕಬಹುದು. ಗೌಡ ಎಂಬುದನ್ನು ಮಗ್ಗಿನ ಮೇಲೆ ಯಾವ ಗೌಡರು ಬೇಕಾದರೂ ಬರೆಸಿಕೊಳ್ಳಬಹುದು.